ಮಾಮೂಲಿ ಕರೆ

ಬೆಳಿಗ್ಗೆಯಿಂದ ಫೋನು ಒಂದು ಸಲವೂ ಬಡಿದುಕೊಂಡಿರಲಿಲ್ಲ. ಅದಕ್ಕೆ ತಾನೇ ಹೊಣೆಯೆಂಬಂತೆ ಹೆಂಡತಿ ಜ್ಯೋತಿಲಕ್ಷ್ಮಿ ಆಗಾಗ ತನ್ನ ಕಡೆ ನೋಡುತ್ತಿದ್ದುದು ಬೀರೇಶನ ಮೈ ಉರಿಸುತ್ತಿತ್ತು. ನೋಡುವುದೆಂದರೆ ನೇರವಾಗಿ ನೋಡುವುದೂ ಅಲ್ಲ. ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, ಕಿಟಕಿಯ ಕಟ್ಟೆಯ ಮೇಲೆ ಒರಗಿಸಿಟ್ಟ ಫೋನಿನ ಮುಂದೆ ನಿಂತು, ಅದರ ಕಪ್ಪು ಮುಖಕ್ಕೆ ಬೆರಳು ತಾಗಿಸಿ, ಬೆಳಕು ಬಂದಮೇಲೆ ಗಂಟೆ ನೋಡುವವಳ ಹಾಗೆ ನೋಡಿ, ಹಿಂದಿರುಗುವಾಗ ಅವನ ಮೇಲೊಮ್ಮೆ ಕಣ್ಣು ಹಾಯಿಸಿ ಹೋಗುವುದು. ಆ ಕಣ್ಣಿನಲ್ಲಿ ದೂರೇನೂ ಇರಲಿಲ್ಲ. ದೂರಿದ್ದರೆ ಜಗಳವಾದರೂ ಆಡಬಹುದಿತ್ತು. ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲದ ಊರಿನಲ್ಲಿ ನಿಂತವರು ಪಕ್ಕದವರ ಮುಖ ನೋಡುತ್ತಾರಲ್ಲ, ಹಾಗೆ. ಒಂಬತ್ತನೇ ತರಗತಿಯವರ ವಿಜ್ಞಾನದ ಉತ್ತರಪತ್ರಿಕೆ ತಿದ್ದಲು ಕೂತಿದ್ದ ಬೀರೇಶ, ಗುರುತ್ವಾಕರ್ಷಣೆಯ ಮೇಲೆ ಯಾವಳೋ ಹುಡುಗಿ ಬರೆದಿದ್ದ ಸರಿಯಾದ ಉತ್ತರವನ್ನೇ ತಪ್ಪೆಂದು ಹೊಡೆದು, ಮತ್ತೆ ಅದರ ಮೇಲೆಯೇ ಸರಿಯೆಂದು ಗೀಚಿ, ಎರಡು ಗುರುತುಗಳೂ ಕಲಸಿಹೋದದ್ದನ್ನು ನೋಡಿ ಇನ್ನಷ್ಟು ರೇಗಿದ.

ಆ ಫೋನು ನಿನ್ನೆಯಿಂದ ಹೊಸದು. ಅಂಗಡಿಯಿಂದ ತಂದ ಹೊಸದಲ್ಲ. ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ಬಂದು, ಉಂಡ ಕೈ ಒರೆಸಿಕೊಂಡು, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಕಂಪನಿಯವರು ಜಡಿದಿದ್ದ ಬೀಗ ತೆಗೆದು, ಅವರು ತುಂಬಿ ಕಳಿಸಿದ್ದ ಸಾಫ್ಟ್‌ವೇರನ್ನೆಲ್ಲ ಬಳಿದು ಆಚೆ ಹಾಕಿ, ಆ ಜಾಗದಲ್ಲಿ ಬೇರೆ ಯಾರೋ ಆಸಕ್ತರು ಕೂಡಿ ಮಾಡಿದ ಹಗುರವಾದದ್ದೊಂದನ್ನು ಕೂರಿಸಿ ಬೀರೇಶ ತಾನೇ ಹೊಸದು ಮಾಡಿದ್ದು. ಕಸ್ಟಮ್ ರಾಮ್ ಹಾಕುವುದು ಎನ್ನುತ್ತಾರೆ ಇದನ್ನು. "ಅದ್ಯಾವ ರಾಮನೋ, ಬೇಗ ಹಾಕಿ ಕೊಡ್ರೀ," ಎಂದಿದ್ದಳು ಜ್ಯೋತಿ. ಎಷ್ಟೋ ದಿನದಿಂದ ಅವನು ಕೇಳುತ್ತಲೇ ಇದ್ದ, ಅವಳು ಕೊಡುತ್ತಿರಲಿಲ್ಲ. ಈಗ ಅವಳಾಗಿಯೇ ಕೊಟ್ಟಿದ್ದಳು. ಏಕೆಂದರೆ ಆ ಫೋನಿಗೆ ಬಂದಿದ್ದ ರೋಗವೆಂದರೆ ಕರೆ ಬಂದಾಗ ಗರ ಬಡಿದಂತೆ ನಿಂತುಬಿಡುವುದು. ಅದು ಹೊಡೆದುಕೊಳ್ಳುತ್ತಿರುತ್ತದೆ, ಇವಳು ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇರುತ್ತಾಳೆ, ಪರದೆ ಅಲುಗುವುದಿಲ್ಲ, ಅತ್ತಲಿನವರು ಸಾಕಾಗಿ ಇಟ್ಟುಬಿಡುತ್ತಾರೆ. ಭಾನುವಾರ ಬರಲಿರುವ ಕರೆ ಹಾಗಾಗುವುದು ಅವಳಿಗೆ ಬೇಡವಾಗಿತ್ತು. ಅವಳ ಚಿಕ್ಕಮ್ಮ ಪುಟ್ಟಗಂಗಮ್ಮ ತುಮಕೂರಿನ ಆಸ್ಪತ್ರೆಯೊಂದರ ಚೀಟಿ ಸಾಲಿನಲ್ಲಿ ಮೈಲಾರಿಯನ್ನು ಕಂಡು, ಅವನನ್ನು ಬಿಡದೆ ಜ್ಯೋತಿಯ ಈಗಿನ ನಂಬರು ಬರೆಸಿಕೊಟ್ಟಿದ್ದಳಂತೆ. ಅವನು ಭಾನುವಾರ ಫೋನು ಮಾಡುತ್ತೇನೆ ಎಂದಿದ್ದನಂತೆ. ಮೈಲಾರಿ ಅವಳ ಒಡಹುಟ್ಟಿದ ತಮ್ಮ. ಆರೇಳು ವರ್ಷದಿಂದ ಮಾತಿಲ್ಲ. ಇದನ್ನೆಲ್ಲ ಜ್ಯೋತಿ ಕಾಯಿ ತುರಿಯುತ್ತಾ ಹೇಳಿದಾಗ ಬೀರೇಶ ಲ್ಯಾಪ್‌ಟಾಪಿನೊಳಗೆ ಮುಖ ಇಟ್ಟುಕೊಂಡು ಹೂಂ ಅಂದಿದ್ದ. ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ, ಫೋನು ಕೊಡುತ್ತಾಳೆ ಎಂಬುದು.

ಗಟ್ಟಿಮುಟ್ಟಾಗಿ ನಿಂತ ಎತ್ತನ್ನು ಹಲ್ಲು ನೋಡಿ ಕಟುಕರಿಗೆ ಅಟ್ಟಿದ ಹಾಗೆ, ಕೆಡದ ಫೋನನ್ನು ಎರಡು ಮೂರು ವರ್ಷಕ್ಕೆ ಮುದಿಯೆಂದು ಕೈಬಿಡುವ ಕಂಪನಿಗಳ ಮೇಲೆ ಬೀರೇಶನಿಗೆ ಇದ್ದದ್ದು ನಿಜವಾದ ಸಿಟ್ಟು. ಅದರಲ್ಲಿ ತೋರಿಕೆಯಿರಲಿಲ್ಲ. ಸ್ಕೂಲುಗಳು ಬಾಗಿಲು ಹಾಕಿ ಪಾಠವೆಲ್ಲ ಮೊಬೈಲಿಗೆ ಬಂದಿದ್ದ ಕಾಲದಲ್ಲಿ ಅವನು ಮೂಲೆ ಸೇರಿದ ಫೋನುಗಳನ್ನು ಊರಿನಿಂದೆಲ್ಲ ಬೇಡಿ ತಂದು, ಒಂದೊಂದಕ್ಕೂ ಜೀವ ಬರಿಸಿ ಹುಡುಗರ ಕೈಗೆ ಕೊಟ್ಟಿದ್ದ. ಆಗ ಈ ಮನೆಯ ಜಗುಲಿಯ ಮೇಲೆ ಕೂತು ಕಾಯುತ್ತಿದ್ದವರು ಅವನು ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ತೋಟದವರು ಎಳನೀರು ತಂದಿಟ್ಟು ಹೋಗುತ್ತಿದ್ದರು. ಮಾಯಸಂದ್ರದಲ್ಲಿ ಒಬ್ಬ ಮನುಷ್ಯನಿಗೆ ಇನ್ನೇನು ಬೇಕು? ಆಮೇಲೆ ಸ್ಕೂಲು ತೆರೆಯಿತು, ಎದ್ದು ನಿಲ್ಲುವವರು ಇಲ್ಲವಾದರು, ಉಳಿದದ್ದು 'ಮೊಬೈಲ್ ಮೇಷ್ಟ್ರು' ಎಂಬ ಹೆಸರು. ಅದು ಹೊಗಳಿಕೆಯೋ ಗೇಲಿಯೋ ಇವತ್ತಿಗೂ ಅವನಿಗೆ ತಿಳಿದಿಲ್ಲ. ಡ್ರಿಲ್ ಮೇಷ್ಟ್ರು ಭೀಮರಾಜುವಿನ ಬಾಯಲ್ಲಿ ಮಾತ್ರ ಗೇಲಿಯೇ. ಅವನ ಫೋನಿಗೆ ಹೀಗೇ ಹೊಸದು ಹಾಕಹೋಗಿ, ಮಧ್ಯದಲ್ಲಿ ಕೇಬಲ್ ಅಲುಗಿ, ಅದು ಹೊತ್ತಿಕೊಳ್ಳದ ಹೆಂಚಿನ ಚೂರಾಗಿತ್ತು. ಭೀಮರಾಜು ಬೈಯಲಿಲ್ಲ. ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹಾಜರಿ ಪುಸ್ತಕ ಹಾರದಂತೆ ಇಟ್ಟ. ಅದು ಅಲ್ಲೇ ಇದೆ. ದಿನವೂ ಸಹಿ ಮಾಡುವಾಗ ಬೀರೇಶ ಅದನ್ನು ಎತ್ತಿ ಪಕ್ಕಕ್ಕಿಡಬೇಕು.

ಅದಕ್ಕೇ ನಿನ್ನೆ ಅವನು ಹುಷಾರಾಗಿದ್ದ. ಫೋಟೋ, ನಂಬರು, ಮಗಳು ತನುಶ್ರೀಯ ಡ್ಯಾನ್ಸಿನ ವಿಡಿಯೋ ಎಲ್ಲವನ್ನೂ ಮೊದಲು ಲ್ಯಾಪ್‌ಟಾಪಿಗೆ ತುಂಬಿಕೊಂಡ. ಆ ಸಾಫ್ಟ್‌ವೇರು ಸಿಗುವ ಪುಟದಲ್ಲಿ ಏನೇನು ಕೆಲಸ ಮಾಡುತ್ತದೆಂದು ಉದ್ದಕ್ಕೆ ಬರೆದಿತ್ತು, ಅದನ್ನೂ ಓದಿದ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಕೆಲವು ದೇಶಗಳಲ್ಲಿ ಕೆಲವು ಸಿಮ್‌ಗಳಿಗೆ ಕರೆ ಬಾರದಿರಬಹುದು, ಸರಿಪಡಿಸುತ್ತಿದ್ದೇವೆ. ಅದನ್ನೂ ಓದಿದ್ದ. ಓದಿದ್ದೇನೋ ನಿಜ, ಕೆಲವು ದೇಶಗಳೆಂದರೆ ಎಲ್ಲೋ ಹಿಮ ಬೀಳುವ ಕಡೆ ಎಂದುಕೊಂಡು ಕಣ್ಣು ಮುಂದಕ್ಕೆ ಹೋಗಿತ್ತು. ಹೊಸದು ಮೊದಲ ಸಲ ಎದ್ದೇಳಲು ತಡ ಮಾಡಿದಾಗ, ಪರದೆಯ ನಡುವೆ ಬೆಳಕಿನ ಬಳೆಯೊಂದು ಸುತ್ತುತ್ತಲೇ ಇದ್ದಾಗ, ಭೀಮರಾಜುವಿನ ಹೆಂಚಿನ ಚೂರು ಅವನ ಕಣ್ಣ ಮುಂದೆ ಬಂದಿತ್ತು. ಬಾಗಿಲಲ್ಲಿ ನಿಂತು ಜ್ಯೋತಿ "ಆಯ್ತಾ?" ಎಂದಾಗ "ಸುಮ್ನಿರೇ ಒಂದ್ ನಿಮಿಷ!" ಎಂದು ಕಿರುಚಿದ್ದ. ಆಮೇಲೆ ಅದು ಎದ್ದಿತು. ಎಂಥ ಎದ್ದಿತು! ಮುಟ್ಟಿದರೆ ಓಡುತ್ತಿತ್ತು. "ಅಯ್ಯ, ಎಷ್ಟು ಸಲೀಸಾಗದೆ ಕಣ್ರೀ!" ಎಂದು ಅವಳು ನಕ್ಕಳು; ಅವನು ಮಾಡಿದ ಕೆಲಸವೊಂದನ್ನು ನೋಡಿ ಅವಳು ಹಾಗೆ ನಕ್ಕು ಯಾವ ಕಾಲವಾಗಿತ್ತೋ. ಪ್ರತಿ ಸಲ ಆನ್ ಮಾಡಿದಾಗಲೂ ಮೊದಲಿಗೆ ಕಿತ್ತಳೆ ಬಣ್ಣದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು, ಇದರೊಳಗಿರುವುದನ್ನು ನಂಬುವಂತಿಲ್ಲ ಎಂದು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಏನಿದು ಎಂದು ಕೇಳಿದಾಗ, "ಏನಿಲ್ಲ, ಕಂಪನಿಯವರ ಹೊಟ್ಟೆಕಿಚ್ಚು" ಎಂದುಬಿಟ್ಟಿದ್ದ. ನಡುಮನೆಯಿಂದ ತನ್ನ ಫೋನಿನಲ್ಲಿ ವಾಟ್ಸಾಪ್ ಕರೆ ಮಾಡಿ ತೋರಿಸಿದ್ದ. ಅದು ಅಡುಗೆಮನೆಯಲ್ಲಿ ಹೊಡೆದುಕೊಂಡಿತು, ಅವಳು ಒಂದೇ ಬೆರಳಿಗೆ ಎತ್ತಿದಳು, ಹಲೋ ಹಲೋ ಎಂದು ಇಬ್ಬರೂ ಒಂದೇ ಮನೆಯೊಳಗೆ ಮಾತಾಡಿಕೊಂಡರು.

ಮಧ್ಯಾಹ್ನ ಮುದ್ದೆ ಬಡಿಸುವಾಗಲೂ ಅವಳ ಒಂದು ಕಿವಿ ಕಿಟಕಿಯಲ್ಲೇ ಇತ್ತು. ಬಸ್ಸಾರಿನ ಬಟ್ಟಲನ್ನು ಅವನ ಮುಂದಿಡದೆ ಕೈಯಲ್ಲೇ ಹಿಡಿದು ನಿಂತಿದ್ದಳು. ತನುಶ್ರೀ ಉಂಡೆದ್ದು ಗೆಳತಿಯ ಮನೆಗೆ ಓಡಿದಳು.

"ಏನ್ರೀ, ಫೋನು ಸರಿಯಾಗೈತಾ?"

ಬೀರೇಶ ತುತ್ತು ಕೆಳಗಿಟ್ಟ. ಇಡೀ ಬೆಳಿಗ್ಗೆ ಅವಳ ಕಣ್ಣು ಕೇಳದೆ ಕೇಳುತ್ತಿದ್ದುದು ಇದನ್ನೇ. ಇದನ್ನು ಕೇಳಿಬಿಡುತ್ತಾಳಲ್ಲ ಎಂದೇ ಅವನು ಕಾಯುತ್ತಿದ್ದದ್ದು, ಕೇಳಿದಾಗ ಮಾತ್ರ ಅನ್ಯಾಯವಾದಂತೆನಿಸಿತು. "ಸರಿಯಾಗೈತಾ ಅಂದ್ರೆ? ನಿನ್ನೆ ಕುಣಿದಾಡ್ದೆ, ಇವತ್ತು ಸರಿಯಾಗೈತಾ ಅಂತೀಯ. ಸಿಗ್ನಲ್ ನೋಡು, ಪೂರ್ತಿ ಕಡ್ಡಿ ಅವೆ. ಇಂಟರ್ನೆಟ್ ಓಡ್ತಾ ಇದೆ. ಇನ್ನೇನ್ ಬೇಕು?"

"ಅದಲ್ಲ. ನಿಮ್ ಫೋನಿಂದ ಒಂದ್ಸಲ ಮಾಡಿ ನೋಡ್ರೀ. ವಾಟ್ಸಾಪ್ ಅಲ್ಲ, ಮಾಮೂಲಿ ಫೋನ್ ಮಾಡಿ."

"ಎರಡೂ ಒಂದೇ ಕಣೇ."

"ಒಂದೇ ಆದ್ರೆ ಮಾಡೋಕೇನು?"

ಫೋನು ಅವನ ಅಂಗಿಯ ಜೇಬಿನಲ್ಲೇ ಇತ್ತು. ಎಡಗೈಯಲ್ಲಿ ತೆಗೆದು ಎರಡು ಸಲ ಒತ್ತಿದರೆ ಮುಗಿಯುತ್ತಿತ್ತು. ಅಷ್ಟು ಸುಲಭವಾಗಿದ್ದುದರಿಂದಲೇ ಅವನಿಂದ ಆಗಲಿಲ್ಲ. ಮಾಡಿ ನೋಡುವುದೆಂದರೆ ತನಗೇ ಸಂಶಯವಿದೆಯೆಂದು ಒಪ್ಪಿಕೊಂಡ ಹಾಗೆ, ಭೀಮರಾಜುವಿನ ಸಾಲಿಗೆ ಇವಳನ್ನೂ ತಂದು ಕೂರಿಸಿದ ಹಾಗೆ. ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಮುಂದೆ, ತಟ್ಟೆಯೆದುರು ಕೂತು ಪರೀಕ್ಷೆ ಕೊಡಬೇಕೇ? ಅವನ ಬಾಯಿಂದ ಬಂದದ್ದು ಬೇರೆಯೇ ಮಾತು. "ಫೋನ್ ಮಾಡೋನಾಗಿದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದ? ಪುಟ್ಟಗಂಗಮ್ಮನ ಮುಂದೆ ದಾಕ್ಷಿಣ್ಯಕ್ಕೆ ಅಂದಿರ್ತಾನೆ. ಅದನ್ನ ನಂಬ್ಕಂಡು ನೀನು ಕಿಟಕಿ ಕಾಯ್ತಾ ಇದ್ದೀಯ."

ಅವಳು ಸಾರಿನ ಬಟ್ಟಲನ್ನು ಇಟ್ಟಳು. ಕುಕ್ಕಲಿಲ್ಲ, ಮೆಲ್ಲಗೆ ಇಟ್ಟಳು. "ಬುಡಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಬಜಾರಿಗೆ ಹೋದರೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಮತ್ತೆ ಇನ್ನೂ ಒಂದೆರಡು ಸಾಮಾನು ತರಬೇಕೆಂದು ಒಳಗಿನಿಂದಲೇ ಹೇಳಿದಳು. ಹೋಗುವ ಕೆಲಸವಿರದಿದ್ದರೂ ಬೀರೇಶ ಚೀಲ ತೆಗೆದುಕೊಂಡು ಹೊರಟ.

ರಸ್ತೆಯುದ್ದಕ್ಕೂ ಅವನು ಅವಳೊಂದಿಗೆ ವಾದ ಮಾಡುತ್ತಲೇ ನಡೆದ. ಅವನದ್ದೇ ಗೆಲ್ಲುವ ವಾದ. ತೋಟಗಳ ಬೇಲಿ ದಾಟಿ, ಕೊಬ್ಬರಿ ಒಣಗಲು ಹಾಕಿದ್ದ ಕಣದ ಪಕ್ಕದಲ್ಲಿ ಹಾಯುವಾಗ ಗೆದ್ದೂ ಆಗಿತ್ತು. ಆದರೂ ಮತ್ತೆ ಮೊದಲಿನಿಂದ ಶುರು ಮಾಡಿದ. ಆ ಮೈಲಾರಿಯ ಮದುವೆಯ ದಿನ ಇವಳೇ ಅಲ್ಲವೇ ಫೋನು ಆರಿಸಿ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟವಳು? ಅವನು ತುಮಕೂರಿನಲ್ಲಿ ಬೇರೆ ಜಾತಿಯ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗುತ್ತಿದ್ದ. ದಂಡಿನಶಿವರದ ತೌರುಮನೆಯವರು ಯಾರೂ ಹೋಗಕೂಡದೆಂದು ತೀರ್ಮಾನಿಸಿದ್ದರು. ಅವಳು ಅತ್ತೂ ಹೇಳದೆ ಇತ್ತೂ ಹೇಳದೆ ಫೋನನ್ನು ಅಕ್ಕಿಯೊಳಗೆ ತಳ್ಳಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಹಿತ್ತಲಿಗೆ ಹೊತ್ತು ಹೋಗಿ ತೊಳೆದಿದ್ದಳು. ಬೂದಿ ಹಾಕಿ ತಿಕ್ಕುತ್ತಿದ್ದ ಆ ಸದ್ದು ನೆನಪಾಗಿ ಬೀರೇಶನ ವಾದ ಅರ್ಧಕ್ಕೆ ನಿಂತಿತು.

ಕಿರಾಣಿ ಅಂಗಡಿಯ ಮುಂದೆ ನಿಂತಾಗ ಇನ್ನೂ ಒಂದೆರಡು ಸಾಮಾನು ಯಾವುದೆಂದು ಅವನಿಗೆ ಹೊಳೆಯಲಿಲ್ಲ. ಸಿಟ್ಟು, ನಾಚಿಕೆ ಯಾವುದೂ ನೆನಪಾಗದೆ, ಕೈ ತನ್ನ ಪಾಡಿಗೆ ತಾನು ಜೇಬಿನಿಂದ ಫೋನು ತೆಗೆದು ಅವಳ ಹೆಸರನ್ನು ಒತ್ತಿತು. ಮಾಮೂಲಿ ಕರೆ. ಕಿವಿಯಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಹೆಣ್ಣು ದನಿಯೊಂದು ಬಹಳ ವಿನಯದಿಂದ, ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು. ಅವನು ಮತ್ತೆ ಒತ್ತಿದ. ಮತ್ತೆ ಅದೇ ವಿನಯ. ಅಂಗಡಿಯವನು "ಏನ್ ಕೊಡ್ಲಿ ಮೇಷ್ಟ್ರೇ?" ಎಂದ. ಏನೂ ಬೇಡವೆಂದು ಕೈಯಾಡಿಸಿ ಬೀರೇಶ ರಸ್ತೆಗಿಳಿದ. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಆ ಸಾಫ್ಟ್‌ವೇರು ಮಾಡಿದವನ ಮೇಲಿನ ರೋಷ. ಯಾವ ದೇಶದವನೋ, ಹೆಸರಿಲ್ಲದವನು, ಫೋಟೋದ ಜಾಗದಲ್ಲಿ ಬೆಕ್ಕಿನ ಚಿತ್ರ ಹಾಕಿಕೊಂಡವನು. ಬೆಳಕಿನ ಬಳೆ ಸುತ್ತಿಸುವುದು ಗೊತ್ತು, ಫೋನೆಂದ ಮೇಲೆ ಅದು ಫೋನಾಗಿರಬೇಕೆಂಬುದು ಗೊತ್ತಿಲ್ಲ! ಎರಡನೆಯದಾಗಿ ಬಂದದ್ದು ಉಪಾಯ. ಹೇಗೂ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರಾಯಿತು, ಇದಕ್ಕೇನೋ ಅಪ್‌ಡೇಟ್ ಬಂದಿದೆಯೆಂದು ಹೇಳಿದರಾಯಿತು, ಅವಳಿಗೆ ತಿಳಿಯಬೇಕಿಲ್ಲ. ಈ ಉಪಾಯ ಎಷ್ಟು ಬೇಗ, ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಮೈಲಾರಿ ಬೆಳಿಗ್ಗೆಯಿಂದ ಎಷ್ಟು ಸಲ ಮಾಡಿರಬಹುದು ಎಂಬುದು ಮೂರನೆಯದಾಗಿ ಬಂತು.

ಅದು ಬರುತ್ತಿದ್ದ ಹಾಗೆಯೇ ಅವನು ಮೈಲಾರಿಯನ್ನು ಕಂಡ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಕಂಬಕ್ಕೆ ಒರಗಿ, ಒಂದು ಕಾಲಿನ ಹೆಬ್ಬೆರಳಿಂದ ಇನ್ನೊಂದು ಕಾಲಿನ ಹಿಮ್ಮಡಿ ತುರಿಸಿಕೊಳ್ಳುತ್ತಾ ನಿಂತಿದ್ದ. ತಲೆ ಮುಂದೆ ಬೋಳಾಗಿತ್ತು, ಮೈ ಬಂದಿತ್ತು, ಆದರೆ ಆ ನಿಲುವು ಜ್ಯೋತಿಯದ್ದೇ. ಕೈಯಲ್ಲೊಂದು ಬೇಕರಿಯ ಪೆಟ್ಟಿಗೆ. ದಾರದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಭಾವ," ಎಂದ ಮೈಲಾರಿ. ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಸಿಕ್ಕಿಬಿದ್ದವನ ಮುಜುಗರವಿತ್ತು. "ಚೆನ್ನಾಗಿದ್ದೀರಾ? ಹಿಂಗೇ ಬಂದಿದ್ದೆ. ಈಗ ತುರುವೇಕೆರೆ ಬಸ್ಸು ಬತ್ತದಂತೆ, ಅಲ್ಲಿಂದ ತುಮಕೂರಿಗೆ ಹೊಂಟೆ."

"ಹೊಂಟೆ ಅಂದ್ರೇನ್ಲಾ? ಮನೆಗೆ ಬರ್ಲಿಲ್ವಾ?"

"ಬೆಳಿಗ್ಗೆ ತುಮಕೂರಿಂದ ಮಾಡ್ದೆ, ಸ್ವಿಚ್ ಆಫ್ ಅಂತು. ಚಾರ್ಜ್ ಇಲ್ವೇನೋ ಅಂತ ಬಸ್ಸತ್ದೆ. ಇಲ್ಲಿಳಿದು ಮಾಡ್ದೆ. ಟೀ ಕುಡುದು ಮಾಡ್ದೆ." ಅವನು ನಗಲು ನೋಡಿದ. "ಮೇಷ್ಟ್ರ ಮನೆ ಯಾವ್ದು ಅಂದ್ರೆ ಯಾರಾರೂ ತೋರುಸ್ತಿದ್ರು. ಕರೀದೆ ಬಾಗ್ಲಿಗೆ ಹೋಗಕ್ಕೆ ಕಾಲು ಬರ್ನಿಲ್ಲ ಭಾವ. ಅವತ್ತು ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ನಿಂತ್ಕಂಡು ಅಕ್ಕನಿಗೆ ಫೋನ್ ಮಾಡಿದ್ದೆ. ಅವತ್ತೂ ಇದೇ ಹೆಂಗ್ಸು ಹೇಳಿದ್ಲು. ದನೀನೂ ಅದೇ."

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡ ಬೀರೇಶ. ಹೇಳಿದ ಕೂಡಲೇ ಎಲ್ಲ ಸರಿಹೋಗುತ್ತದೆಂದು ಮೇಷ್ಟ್ರ ಅಭ್ಯಾಸಬಲದಿಂದ ನಂಬಿದ. "ಅವಳು ಆಫ್ ಮಾಡಿಲ್ಲ ಕಣಪ್ಪ. ತಪ್ಪು ನನ್ನದು. ಅವಳ ಫೋನಿಗೆ ನಾನು ಬೇರೆ ಸಾಫ್ಟ್‌ವೇರ್ ಹಾಕ್ದೆ. ಈಗಿನ ಸಿಮ್ಮಲ್ಲಿ ಮಾತು ಕೂಡ ಇಂಟರ್ನೆಟ್ಟಲ್ಲೇ ಹೋಗೋದು. ಅದಕ್ಕೆ ಕಂಪನಿಯವರು ಒಂದು ಫೈಲ್ ಇಟ್ಟಿರ್ತಾರೆ. ನಾನು ಹಾಕಿದ್ರಲ್ಲಿ ಅದು ಸರಿಯಾಗಿಲ್ಲ."

ಮೈಲಾರಿ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. "ಇಂಟರ್ನೆಟ್ಟು ಐತಾ ಅವಳ ಫೋನಲ್ಲಿ?"

"ಐತೆ."

"ಸಿಗ್ನಲ್ಲು?"

"ಪೂರ್ತಿ ಐತೆ."

"ಫೋನು ಆನಾಗೈತಾ?"

"ಆನಾಗೇ ಐತೆ."

"ಆದ್ರೂ ಸ್ವಿಚ್ ಆಫ್ ಅಂತದೆ."

"ಹೂಂ ಕಣಪ್ಪ!"

"ಬುಡಿ ಭಾವ," ಎಂದ ಮೈಲಾರಿ, ಬಹಳ ಮೃದುವಾಗಿ. "ನೀವು ಒಳ್ಳೇವ್ರು. ಅವಳ ಮರ್ಯಾದೆ ಉಳ್ಸಕ್ಕೆ ಇಷ್ಟೆಲ್ಲ ಹೇಳ್ಬೇಕಾ? ನಂಗೇನೂ ಬೇಜಾರಿಲ್ಲ."

ಬೀರೇಶನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಜೀವಮಾನದಲ್ಲಿ ಅಪರೂಪಕ್ಕೆ ಒಂದು ತಪ್ಪನ್ನು ತನ್ನದೆಂದು ಬಾಯಿಬಿಟ್ಟು ಹೇಳಿದರೆ, ಅದು ಒಳ್ಳೆಯತನದ ಸುಳ್ಳಾಗಿ ತಿರುಗಿ ಬಂದಿತ್ತು. "ಇರು, ತೋರುಸ್ತೀನಿ," ಎಂದು ಅವಳ ನಂಬರು ಒತ್ತಿ ಸ್ಪೀಕರಿಗೆ ಹಾಕಿದ. ಸ್ವಿಚ್ ಆಫ್ ಮಾಡಿದ್ದಾರೆ, ಎಂದಿತು ಅದು, ಹೋಟೆಲಿನವರಿಗೂ ಕೇಳಿಸುವಂತೆ. "ಕೇಳ್ದಾ?"

"ಕೇಳ್ದೆ. ಬೆಳಿಗ್ಗೆಯಿಂದ ಅದನ್ನೇ ಕೇಳ್ತಾವ್ನಿ."

ಅಯ್ಯೋ ದೇವರೇ, ಸಾಕ್ಷಿಯೆಲ್ಲ ಅವಳ ವಿರುದ್ಧವೇ ನಿಲ್ಲುತ್ತಿದೆಯಲ್ಲ ಎಂದು ಅವನು ವಾಟ್ಸಾಪಿನಲ್ಲಿ ಕರೆ ಮಾಡಿದ. ಇದು ಹೋಗುತ್ತದೆ, ಹೋಗಲೇಬೇಕು. ಹೋಯಿತು. ಅತ್ತ ಹೊಡೆದುಕೊಳ್ಳುವ ಸದ್ದು ಕೇಳಿದಾಗ ಬೀರೇಶ ಗೆದ್ದವನಂತೆ ಮೈಲಾರಿಯ ಮುಖ ನೋಡಿದ. ಎರಡನೆಯ ಗಂಟೆಗೆ ಅತ್ತಲಿಂದ ಯಾರೋ ಕಟ್ ಮಾಡಿದರು. ಮತ್ತೆ ಮಾಡಿದ. ಈ ಸಲ ಮೊದಲ ಗಂಟೆಗೇ ಕಟ್. ತನುಶ್ರೀ! ಗೆಳತಿಯ ಮನೆಯಿಂದ ಬಂದಿರಬೇಕು. ಸಲೀಸಾಗಿ ಓಡುವ ಫೋನಿನಲ್ಲಿ ಆಟವಾಡುತ್ತಾ, ನಡುವೆ ಬಂದ ಅಪ್ಪನನ್ನು ಬೆರಳಿನಿಂದ ಮೇಲಕ್ಕೆ ಎಸೆಯುತ್ತಿರಬೇಕು. ಮಗಳ ಕೈಗೆ ಅದು ಹೋಗಿದೆಯೆಂದರೆ ಜ್ಯೋತಿ ಕಾಯುವುದನ್ನು ಬಿಟ್ಟಿದ್ದಾಳೆ ಎಂದು ಅರ್ಥ. ಅವನ ಮಾತನ್ನೇ ನಂಬಿ ಬಿಟ್ಟಿದ್ದಾಳೆ.

"ಕಟ್ ಮಾಡ್ತಾವ್ಳೆ," ಎಂದ ಮೈಲಾರಿ. ಈಗ ಅವನ ದನಿ ಮೃದುವಾಗಿರಲಿಲ್ಲ.

"ಮಗು ಕಣೋ ಅದು! ನಮ್ ತನುಶ್ರೀ..."

ಬಸ್ಸು ಬಂತು. ಮೈಲಾರಿ ಬೇಕರಿ ಪೆಟ್ಟಿಗೆಯನ್ನು ಬೀರೇಶನ ಚೀಲದೊಳಕ್ಕೆ ಇಟ್ಟು, "ಮಗೀಗೆ ಕೊಡಿ" ಎಂದು ಹತ್ತಿಯೇಬಿಟ್ಟ. ಕಂಡಕ್ಟರು ರೈಟ್ ಅಂದ. ಬೀರೇಶ ಏನು ಯೋಚಿಸಿದನೋ ತಿಳಿಯದು. ಚೀಲ ಎದೆಗವುಚಿಕೊಂಡು ಓಡಿ, ಹೊರಟ ಬಸ್ಸಿನ ಮೆಟ್ಟಿಲು ಹತ್ತಿದ. ಕಂಡಕ್ಟರು ಎಲ್ಲಿಗೆ ಎಂದ. ಹಿಂದಿನ ಸೀಟಿನಲ್ಲಿ ಕೂತಿದ್ದ ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು "ನಮಸ್ತೆ ಸಾರ್" ಎಂದು ಎದ್ದು ಜಾಗ ಕೊಡಲು ಬಂದಳು. ಮುಂದಿನ ಸ್ಟಾಪಿಗೆ ಕೊಡಿ ಎಂದು ಚೀಟಿ ಪಡೆದು, ಆ ಹುಡುಗಿಗೆ ಬೇಡವೆಂದು ಸನ್ನೆ ಮಾಡಿ, ಮೈಲಾರಿಯ ಪಕ್ಕ ಕುಸಿದ. ಮೈಲಾರಿ ಕಿಟಕಿಯ ಕಡೆ ಮುಖ ಮಾಡಿದ್ದ. ಹೊರಗೆ ತೆಂಗಿನ ಸಾಲುಗಳು ಒಂದರ ಹಿಂದೊಂದು ಮಗುಚಿಕೊಳ್ಳುತ್ತಿದ್ದವು. ಫೈಲು, ಸಿಮ್ಮು, ಕೆಲವು ದೇಶಗಳು, ಎಲ್ಲವನ್ನೂ ಇನ್ನೊಂದು ಸಲ ಬಿಡಿಸಿ ಹೇಳಲು ಬೀರೇಶನ ಗಂಟಲು ಸಿದ್ಧವಾಗುತ್ತಿತ್ತು, ಆದರೆ ಅದು ಬೇಸರ ಬಂದು ಅಲ್ಲೇ ಕೂತುಬಿಟ್ಟಿತು. ತನ್ನ ವಿವರಣೆಯ ಮೇಲೆಯೇ ಅವನಿಗೆ ಹೀಗೆ ಬೇಸರ ಬಂದದ್ದು ಇದೇ ಮೊದಲು.

"ಮಧ್ಯಾಹ್ನ ಅವಳು ಕೇಳಿದ್ಲು ಕಣಪ್ಪ," ಎಂದ ಕೊನೆಗೆ. "ಮಾಮೂಲಿ ಫೋನ್ ಒಂದ್ಸಲ ಮಾಡಿ ನೋಡ್ರೀ ಅಂದ್ಲು. ನಾನು ಮಾಡ್ನಿಲ್ಲ. ಫೋನು ಜೇಬಲ್ಲೇ ಇತ್ತು. ಮಾಡಿ, ಅದು ಹೋಗ್ದಿದ್ರೆ ಅವಳ ಮುಂದೆ ಸಣ್ಣವನಾಗ್ತೀನಿ ಅಂತ ಮಾಡ್ನಿಲ್ಲ. ನಿನ್ ತಮ್ಮ ದಾಕ್ಷಿಣ್ಯಕ್ಕೆ ಹೇಳವ್ನೆ, ಮಾಡಲ್ಲ ಅಂದುಬಿಟ್ಟೆ."

ಮೈಲಾರಿ ತಿರುಗಿದ. ಭಾವನ ಮುಖವನ್ನು, ಎದೆಗವುಚಿಕೊಂಡ ಚೀಲವನ್ನು, ಅದರಿಂದ ಇಣುಕುತ್ತಿದ್ದ ಬೇಕರಿ ದಾರವನ್ನು ನೋಡಿದ. ಕಂಡಕ್ಟರು ಚಿಲ್ಲರೆ ಎಣಿಸುತ್ತಾ ಹಾದುಹೋದ.

"ಬೆಳಿಗ್ಗೆಯಿಂದ ಕಾಯ್ತಿದ್ಲಾ?"

"ಕಿಟಕಿ ಕಟ್ಟೆ ಮೇಲೆ ಇಟ್ಕಂಡು. ಸೌಟು ಹಿಡ್ಕಂಡೇ ಬಂದು ಬಂದು ನೋಡೋಳು."

"ಸೌಟು ಹಿಡ್ಕಂಡು," ಎಂದ ಮೈಲಾರಿ. ಅವನ ಬೋಳು ಹಣೆಯ ಮೇಲೆ ಬೆವರು ಒಡೆದಿತ್ತು. "ಅಪ್ಪ ಸಂತೆಯಿಂದ ತಡವಾದ್ರೂ ಹಂಗೇ ಬಾಗ್ಲಿಗೆ ಬರೋಳು. ಸಾರೆಲ್ಲ ನೆಲಕ್ಕೆ ತೊಟ್ಟಿಕ್ಕೋದು. ಅವ್ವ ಬೈಯೋಳು." ಆಮೇಲೆ ಬೇರೆ ದನಿಯಲ್ಲಿ, "ನೀವೆಂಥ ಜನ ಭಾವ! ಒಂದು ಫೋನ್ ಮಾಡಕ್ಕೇನಾಗಿತ್ತು ನಿಮಗೆ?" ಎಂದ. ಮುಂದಿನ ಸೀಟಿನವರು ತಿರುಗಿ ನೋಡಿದರು. ಬೀರೇಶನಿಗೆ ನಾಚಿಕೆಯಾಯಿತು, ಅದರ ಜೊತೆಗೇ, ಕೊನೆಗೂ ಯಾರೋ ತನ್ನನ್ನು ನಂಬಿದರಲ್ಲ ಎಂದು ಉಸಿರೂ ಬಂತು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಹಿಂತಿರುಗುವ ಬಸ್ಸು ಯಾವಾಗಲೋ. ನಡೆದೇ ಹೊರಟರು. ದಾರಿಯಲ್ಲಿ ಮೈಲಾರಿ ತಾನು ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸದಲ್ಲಿರುವುದನ್ನೂ, ಹೆಂಡತಿಗೆ ಈಗ ತಿಂಗಳು ತುಂಬುತ್ತಾ ಬಂದಿರುವುದನ್ನೂ, ಹೆರಿಗೆಗೆ ಅವಳ ಕಡೆಯವರು ಯಾರೂ ಬರುವುದಿಲ್ಲವೆಂಬುದನ್ನೂ ಒಂದೊಂದಾಗಿ, ರಸ್ತೆಗೆ ಹೇಳುವವನಂತೆ ಹೇಳಿದ. ಅಕ್ಕನನ್ನು ಕೇಳಲು ಬಂದದ್ದು ಅದನ್ನೇ. ಫೋನಿನಲ್ಲಿ ಕೇಳಿದರೆ ಇಲ್ಲವೆನ್ನುವುದು ಅವಳಿಗೆ ಸುಲಭವಾಗಲಿ ಎಂದು ಮೊದಲು ಫೋನು ಮಾಡಿದ್ದಂತೆ. ಬೀರೇಶ ಏನೂ ವಿವರಿಸದೆ ಜೊತೆಗೆ ನಡೆದ.

ಮನೆಯ ಜಗುಲಿಯ ಮೇಲೆ ತನುಶ್ರೀ ಫೋನಿನ ಮೇಲೆ ಬಗ್ಗಿ ಕೂತಿದ್ದಳು. "ಅಪ್ಪಾ, ಯಾರೋ ಬಂದವ್ರೆ," ಎಂದು ಅಪ್ಪನಿಗೇ ಹೇಳಿದಳು. ಒಳಗಿನಿಂದ ಜ್ಯೋತಿ ಬಂದಳು. ಮಲಗಿದ್ದವಳು, ಕೆನ್ನೆಯ ಮೇಲೆ ಚಾಪೆಯ ಗೀರುಗಳಿದ್ದವು. ಹೊಸಿಲ ಮೇಲೆ ನಿಂತವಳು ನಿಂತೇ ಇದ್ದಳು. ಮೈಲಾರಿ "ಅಕ್ಕಾ" ಎಂದ. ಅವಳು ಅವನ ತಲೆಯ ಬೋಳಾದ ಜಾಗವನ್ನು ನೋಡಿದಳು, ಅದನ್ನು ಯಾರು ಕದ್ದರೆಂದು ಕೇಳುವವಳ ಹಾಗೆ.

"ಫೋನ್ ಮಾಡ್ತೀನಿ ಅಂದಿದ್ಯಂತೆ," ಎಂದಳು.

"ಮಾಡ್ದೆ ಕಣಕ್ಕ. ಸ್ವಿಚ್ ಆಫ್ ಅಂತು."

"ಇಲ್ಲ ಕಣೋ," ಎಂದಳು ಜ್ಯೋತಿ. ಅವಳ ದನಿ ಒಡೆದದ್ದು ಅಲ್ಲೇ. "ಇವತ್ತು ನಾನು ಆಫ್ ಮಾಡಿರ್ಲಿಲ್ಲ ಕಣೋ. ಇವತ್ತು ಮಾಡಿರ್ಲಿಲ್ಲ." ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಬೀರೇಶ ದಾರಿಯುದ್ದಕ್ಕೂ ಈ ಗಳಿಗೆಗಾಗಿ ಸಿದ್ಧಮಾಡಿಕೊಂಡಿದ್ದ ಮಾತು ಎರಡೇ: ನಾನೇ ಕೆಡಿಸ್ದೆ. ಅದನ್ನು ಹೇಳಿದ. ಅವಳು ಬೈಯಲಿಲ್ಲ. ತಮ್ಮನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮೈಲಾರಿ ಉಂಡ. ತುಮಕೂರಿಗೆ ಫೋನು ಮಾಡಿ, ಹೆಂಡತಿಯ ಜೊತೆ ಮಾತಾಡೆಂದು ಅಕ್ಕನ ಕೈಗೆ ಕೊಟ್ಟ. ಜ್ಯೋತಿ ಹಿತ್ತಲಿನ ಕಡೆ ಹೋಗಿ ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ನಕ್ಕಳು. ನಾನು ಬರ್ತೀನಿ, ಯಾರೇನಾದ್ರೂ ಅಂದ್ಕಳ್ಳಿ, ಬಾಣಂತನ ಮುಗಿಸೇ ಬರೋದು ಎಂದದ್ದು ಬೀರೇಶನಿಗೆ ಕೇಳಿಸಿತು. ತನ್ನನ್ನು ಕೇಳಿರಲಿಲ್ಲ. ವಾಪಸು ಬಂದವಳು ನೇರವಾಗಿ ಅವನ ಮುಂದೆ ಕೈ ಚಾಚಿದಳು.

"ನಿಮ್ ಫೋನ್ ಕೊಡಿ."

ಕೊಟ್ಟ.

"ಇನ್ಮೇಲೆ ಇದು ನಂಗಿರ್ಲಿ. ಅವಳಿಗೆ ಯಾವಾಗ ನೋವು ಬತ್ತದೋ, ಫೋನ್ ಬಂದ್ರೆ ನಂಗೆ ಬರ್ಬೇಕು. ಅದು ನೀವಿಟ್ಕಳಿ." ಎಂದವಳು ಗಂಡನನ್ನು ಬಿಟ್ಟು ತಮ್ಮನ ಕಡೆ ತಿರುಗಿದಳು. "ಮೈಲಾರಿ, ಆ ಫೋನಿಂದ ನನ್ ಸಿಮ್ ತೆಗ್ಯೋದು ಹೆಂಗೋ?"

"ನಂಗೇನ್ ಗೊತ್ತಕ್ಕ? ಅಂಗಡಿಯವ್ರು ಸೂಜಿ ಥರದ್ದೇನೋ ಚುಚ್ತಾರೆ."

ಅವಳು ಸೆರಗಿನಿಂದ ಪಿನ್ನು ಬಿಚ್ಚಿದಳು. ಅಕ್ಕ ತಮ್ಮ ಜಗುಲಿಯ ಮೇಲೆ ಬೆಳಕಿಗೆ ಕೂತರು. ಎರಡು ತಲೆಗಳೂ ಆ ಚಂದದ, ಸಲೀಸಾದ ಫೋನಿನ ಮೇಲೆ ಬಗ್ಗಿದವು. ತನುಶ್ರೀ ಮಧ್ಯಕ್ಕೆ ತಲೆ ತೂರಿಸಿದಳು. ಮೈಲಾರಿ ವೆಲ್ಡಿಂಗಿನಿಂದ ಗಂಟುಕಟ್ಟಿದ ಬೆರಳುಗಳಲ್ಲಿ ಪಿನ್ನು ಹಿಡಿದು, ಕೆಳಗಿನ ಅಂಚಿನ ಸಣ್ಣ ತೂತಿಗೆ ಇಟ್ಟು ಒತ್ತಿದ. ಬೀರೇಶ ಬಾಗಿಲಿನಿಂದ ನೋಡುತ್ತಿದ್ದ. ಅದು ಸಿಮ್ಮಿನ ತೂತಲ್ಲ. ಸಿಮ್ಮಿನದು ಪಕ್ಕದ ಅಂಚಿನಲ್ಲಿದೆ. ಅದು ಮಾತು ಒಳಗೆ ಹೋಗುವ ಮೈಕಿನ ತೂತು. ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದರೆ ಒಳಗಿನ ತೆಳುವಾದ ಪೊರೆ ಹರಿದು, ಆ ಫೋನಿಗೆ ಉಳಿದಿರುವ ವಾಟ್ಸಾಪಿನ ಮಾತೂ ಹೋಗುತ್ತದೆ. ಆಗ ಅದನ್ನೂ ಭೀಮರಾಜುವಿಗೆ ಕೊಡಬಹುದು. ಹೇಳಬೇಕಾದ ವಾಕ್ಯವೆಲ್ಲ, ಕಾರಣ ಸಮೇತ, ಬೀರೇಶನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಬತ್ತಾ ಇಲ್ಲ ಕಣಕ್ಕ," ಎಂದ ಮೈಲಾರಿ.

"ಇನ್ನೊಸಿ ಒತ್ತು."

ಬೀರೇಶ ಬಾಯಿ ತೆರೆದ. ಜ್ಯೋತಿ ತಲೆಯೆತ್ತಿ ಅವನನ್ನು ನೋಡಿದಳು.

"ಟೀ ಇಡ್ಲಾ?" ಎಂದ.